ಹಿಂದೆ ಬಂದ ಪಿಕಪ್

ಗಲ್ಫ್‌ನಲ್ಲಿ, ಮಿರ್ದಿಫ್ ಬಡಾವಣೆಯ ನಮ್ಮ ಮನೆಯ ಮುಂದೆ ಬಿಳಿಯ ಪುಟ್ಟ ಪಿಕಪ್ ಒಂದು ವರ್ಷದಿಂದ ನಿಂತಲ್ಲೇ ನಿಂತಿತ್ತು. ವಾರಕ್ಕೊಮ್ಮೆ ಅದರ ಗಾಜಿನ ಮೇಲಿನ ಮರಳನ್ನು ಒದ್ದೆ ಬಟ್ಟೆಯಿಂದ ಒರೆಸುವುದು ನನ್ನ ಯಜಮಾನರ ಕೆಲಸ. ಅವರು ಒರೆಸಿ ಮುಗಿಸುವ ತನಕ ಅಡುಗೆಮನೆಯ ಕಿಟಕಿಯ ಮರೆಯಲ್ಲಿ ನಿಂತು ನೋಡುವುದು ನನ್ನ ಕೆಲಸ. ನಿಮ್ಮ ಮನೆಯಲ್ಲೂ ಇಂಥ ವಸ್ತುವೊಂದು ಇದ್ದೀತು, ಗೆಳೆಯರೇ. ಬಳಕೆಗೆ ಬಾರದು, ಬಿಸಾಡಲು ಮನಸ್ಸಾಗದು, ಅದರ ಮಾತೆತ್ತಿದರೆ ಸಾಕು, ಮನೆಯಲ್ಲೊಬ್ಬರ ಮುಖ ಬಾಡುತ್ತದೆ.

ಹುಬ್ಬಳ್ಳಿಯಿಂದ ಬಂದು ರುವೈಸ್‌ನ ತೈಲ ಸ್ಥಾವರದಲ್ಲಿ ಇಪ್ಪತ್ತಾರು ವರ್ಷ ಟೆಕ್ನಿಷಿಯನ್ ಆಗಿದ್ದವರು ನಮ್ಮವರು. ಅದರಲ್ಲಿ ಹದಿನೆಂಟು ವರ್ಷ ವಾರ ವಾರ ಆ ಗಾಡಿಯಲ್ಲೇ ಡ್ಯೂಟಿಗೆ ಹೋಗಿಬಂದರು. ನಿವೃತ್ತರಾದ ಮೇಲೆ, ಹೋದ ವರ್ಷ, ಪಾರ್ಶ್ವವಾಯು ಬಡಿದು ಎಡಗಾಲು, ಎಡಗೈ ಸೋತವು. ಕಾಲು ನಿಧಾನವಾಗಿ ನಡಿಗೆ ಕಲಿಯಿತು. ಕೈ ಮಾತ್ರ ನಾಚಿಕೊಂಡಂತೆ ಜೇಬು ಸೇರಿತು. ಕ್ಲಚ್ ಒತ್ತುವ ಬಲ ಕಾಲಿಗಿಲ್ಲ. ನನ್ನ ಲೈಸೆನ್ಸೋ ಗೇರಿಲ್ಲದ ಗಾಡಿಗಷ್ಟೇ. ಕಡೆಗೊಂದು ದಿನ ಅವರೇ, ರುವೈಸ್‌ನಲ್ಲಿ ಇನ್ನೂ ಕೆಲಸದಲ್ಲಿರುವ ಮಂಗಳೂರಿನ ಗೆಳೆಯ ಇಬ್ರಾಹಿಂರಿಗೆ ಅದನ್ನು ಕೊಟ್ಟುಬಿಡುತ್ತೇನೆ ಎಂದರು.

"ರಿಕವರಿ ಟ್ರಕ್ ಕರಸು ಅಪ್ಪಾ, ಸಿಂಪಲ್," ಎಂದಳು ಮಗಳು ಸ್ನೇಹಾ.

"ಹೆಣ ಹೊತ್ತಂಗ ಹೊತ್ಕೊಂಡು ಹೋಗೂದು ಬ್ಯಾಡ. ತನ್ನ ಗಾಲಿ ಮ್ಯಾಲೆ ತಾನ ಬರಲಿ."

ನಿವೃತ್ತಿಯ ತಿರುಗಾಟಕ್ಕೆಂದು ಕೊಂಡಿದ್ದ ಮೋಟರ್‌ಹೋಮ್ ನಮ್ಮಲ್ಲಿತ್ತು. ಒಳಗೇ ಮಂಚ, ಒಲೆ ಇರುವ ದೊಡ್ಡ ವ್ಯಾನು ಅದು. ಗೇರಿನ ಗೊಡವೆಯಿಲ್ಲದ್ದರಿಂದ ನಾನೇ ಓಡಿಸುತ್ತಿದ್ದೆ. ಅದರ ಬೆನ್ನಿಗೆ ಕಬ್ಬಿಣದ ತೋಳೊಂದನ್ನು ಜೋಡಿಸಿ, ಪಿಕಪ್ಪಿನ ನಾಲ್ಕೂ ಚಕ್ರ ನೆಲದ ಮೇಲೇ ಉರುಳುವಂತೆ ಎಳೆದೊಯ್ಯುವುದೆಂದಾಯಿತು. ಗೇರು ನ್ಯೂಟ್ರಲ್‌ನಲ್ಲಿರಬೇಕು, ಸ್ಟೇರಿಂಗಿನ ಬೀಗ ತೆಗೆದಿರಬೇಕು, ಹ್ಯಾಂಡ್‌ಬ್ರೇಕ್ ಪೂರ್ತಿ ಇಳಿದಿರಬೇಕು. ಇವನ್ನೆಲ್ಲ ಅವರೇ ನೋಡಿಕೊಂಡರು. "ಎಲ್ಲಾ ಮಾಡೀನಿ, ಹೊರಡು," ಎಂದರು.

ಅಬುಧಾಬಿ ದಾಟುವವರೆಗೂ ಅವರು ಕನ್ನಡಿಯಿಂದ ಕಣ್ಣು ಕೀಳಲಿಲ್ಲ. ಶಾಲೆಗೆ ಹೊರಟ ಮಗುವನ್ನು ನೋಡುವವರ ಹಾಗೆ, "ಬರಾಕತ್ತೈತಿ, ಚಲೋ ಬರಾಕತ್ತೈತಿ" ಎಂದು ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಿದ್ದರು. ಆಮೇಲೆ ಒಮ್ಮೆಲೇ ಕನ್ನಡಿಯತ್ತ ಬಾಗಿದರು. ನಾನು ಕನ್ನಡಿ ನೋಡಿದೆ. ಪಿಕಪ್ಪಿನ ಹಿಂದಿನ ಚಕ್ರದಿಂದ ಹೊಗೆ.

ಹತ್ತಿರದ ಪೆಟ್ರೋಲ್ ಪಂಪಿಗೆ ತಿರುಗಿಸಿ ನಿಲ್ಲಿಸಿದೆ. ಸುಟ್ಟ ವಾಸನೆ ಮೂಗಿಗೆ ಅಡರಿತು. ಬಾಗಿಲು ತೆರೆದು ನೋಡಿದರೆ ಹ್ಯಾಂಡ್‌ಬ್ರೇಕ್ ಅರ್ಧವಷ್ಟೇ ಇಳಿದಿತ್ತು.

"ಇಪ್ಪತ್ತಾರು ವರ್ಷ ಮಂದಿಗೆ ಸೇಫ್ಟಿ ಪಾಠ ಹೇಳಿದಾಂವ ನಾನು," ಎಂದರು. "ಒಂದು ಬ್ರೇಕ್ ಇಳಸೂದು ತಿಳೀಲಿಲ್ಲ. ಖಲಾಸ್. ನಂದೂ ಮುಗೀತು."

ಸತ್ಯ ಹೇಳುತ್ತೇನೆ, ನನಗೆ ಮೊದಲು ಬಂದದ್ದು ಸಿಟ್ಟು. ಅದರ ಬೆನ್ನಿಗೇ ನಾಚಿಕೆ ಬಂತು. ಅವರು ಕೇಳಿದ್ದನ್ನೆಲ್ಲ ಅವರಿಗೇ ಬಿಟ್ಟುಕೊಡುವುದೇ ಗೌರವವೆಂದು ಈ ಒಂದು ವರ್ಷ ನಂಬಿದ್ದೆನಲ್ಲ, ಅದರಲ್ಲಿ ಜೊತೆಗೆ ನಿಂತು ನೋಡುವ ಶ್ರಮವನ್ನು ತಪ್ಪಿಸಿಕೊಂಡ ಜಾಣತನವೂ ಇತ್ತು. ಕಿಟಕಿಯ ಮರೆಯಿಂದ ನೋಡುವ ಪ್ರೀತಿ ಸುಲಭದ್ದು. ಅದು ಯಾರ ಕೈಯನ್ನೂ ಹಿಡಿಯಬೇಕಾಗಿಲ್ಲ.

"ನಾನೂ ಬಂದು ನೋಡಬೇಕಿತ್ರೀ," ಎಂದೆ.

ಚಕ್ರ ತಣಿಯುವಷ್ಟು ಹೊತ್ತು ನೆರಳಿನಲ್ಲಿ ಕೂತು ಚಹಾ ಕುಡಿದೆವು. ಆಮೇಲೆ ಅವರು ಎದ್ದರು. "ಬ್ರೇಕ್ ಹಿಡೀತದೋ ಇಲ್ಲೋ ನೋಡದ ಇನ್ನೊಬ್ಬರ ಕೈಗೆ ಗಾಡಿ ಕೊಡಬಾರದು. ನೀ ಕೂಡು."

"ನನಗ ಗೇರ್ ಬರಂಗಿಲ್ರೀ!"

"ಗೇರ್ ನನಗ ಬಿಡು. ಕ್ಲಚ್ ನಿಂದು."

ಪಂಪಿನವರನ್ನು ಕೇಳಿ, ಹಿಂದಿನ ಬಯಲಿನಲ್ಲಿ ಪಿಕಪ್ ಬಿಚ್ಚಿದೆವು. ಇಲ್ಲಿನ ಗಾಡಿಗಳಲ್ಲಿ ಚಾಲಕರ ಸೀಟು ಎಡಕ್ಕೆ. ನಾನು ಅದರಲ್ಲಿ, ಅವರು ನನ್ನ ಬಲಕ್ಕೆ. ಗೇರಿನ ಹಿಡಿ ನಮ್ಮಿಬ್ಬರ ನಡುವೆ. ಅಂದರೆ ಅವರ ಎಡಗೈಯ ಬದಿಗೆ. ಅದು ನೆನಪಾಗುವಷ್ಟರಲ್ಲಿ ಕೈ ಜೇಬಿನಿಂದ ಹೊರಬಂದಿತ್ತು. ಹಿಡಿಯ ಮೇಲೆ ಕುಳಿತಿತು, ಜಾರಿತು, ಮತ್ತೆ ಕುಳಿತಿತು.

"ಒತ್ತು."

ಒತ್ತಿದೆ. ಹಿಡಿ ನಡುಗುತ್ತ ಮುಂದೆ ಹೋಯಿತು.

"ನಿಧಾನ ಬಿಡು... ಅವಸರ ಬ್ಯಾಡ..."

ಎರಡು ಸಲ ಗಾಡಿ ಮುಗ್ಗರಿಸಿ ನಿಂತಿತು. ಮೂರನೆಯ ಸಲ ಹೊರಟಿತು. "ಈಗ ಒತ್ತು!" ಎಂದರು, ಎರಡನೆಯ ಗೇರು ಬಿತ್ತು. ಅವರ ಕಾಲಿನ ಕೆಲಸ ನನ್ನದು, ನನ್ನ ಕೈಯ ಕೆಲಸ ಅವರದು. ಬಯಲನ್ನು ಮೂರು ಸುತ್ತು ಸುತ್ತಿದೆವು. ನಾನು ಬ್ರೇಕ್ ತುಳಿದಾಗಲೆಲ್ಲ ಗಾಡಿ ನೆಟ್ಟಗೆ ನಿಂತಿತು. ವರ್ಷದ ಮೇಲೆ ಅವರು ಗಟ್ಟಿಯಾಗಿ ನಕ್ಕದ್ದನ್ನು ಕೇಳಿದೆ.

ಮತ್ತೆ ಕಟ್ಟುವಾಗ ಹ್ಯಾಂಡ್‌ಬ್ರೇಕನ್ನು ಇಬ್ಬರೂ ಮುಟ್ಟಿ ನೋಡಿದೆವು.

ರುವೈಸ್‌ನ ಕ್ವಾರ್ಟರ್ಸಿನ ಗೇಟಿನಲ್ಲೇ ಇಬ್ರಾಹಿಂ ಕಾಯುತ್ತಿದ್ದರು. "ಎಂತ ಅಣ್ಣ, ಇಷ್ಟು ಲೇಟ್? ನನಗೆ ಹೆದರಿಕೆಯಾಯ್ತು ಮಾರಾಯ್ರೆ," ಎನ್ನುತ್ತ ಓಡಿಬಂದರು. ಯಜಮಾನರು ಕೀಲಿಕೈ ತೆಗೆದು, ಬಲಗೈಯಿಂದ ಎಡಗೈಗೆ ದಾಟಿಸಿಕೊಂಡರು. ಆ ಕೈಯನ್ನೇ ಮುಂದೆ ಚಾಚಿದರು.

"ಎಡಗೈಲೆ ಕೊಡಾಕತ್ತೀನಿ ಇಬ್ರಾಹಿಂ. ತಪ್ಪು ತಿಳೀಬ್ಯಾಡ."

ಇಬ್ರಾಹಿಂ ಎರಡೂ ಕೈ ಒಡ್ಡಿ, ಪ್ರಸಾದ ತೆಗೆದುಕೊಳ್ಳುವವರಂತೆ ತಲೆ ಬಾಗಿಸಿ, ಆ ಕೈಯನ್ನೂ ಕೀಲಿಯನ್ನೂ ಒಟ್ಟಿಗೇ ಹಿಡಿದುಕೊಂಡರು.