ಪಕ್ಕದ್ಮನೆಯವಳ ಕರೀ ಬಿಲ್ಲೆ

ಐರ್ಲೆಂಡಿನ ಟಾಲಾದ ನಮ್ಮನೇಲಿ ದೇವರ ಗೂಡಿನ ಬಾಗಿಲಿಗೆ ಕುಂಕುಮದಲ್ಲಿ ಸ್ವಸ್ತಿಕ ಬರೆದಿದ್ದೀನಿ. ಪಕ್ಕದ್ಮನೆ ಐರಿಶ್ ಮುದುಕಿ ಟೀಗೆ ಬಂದಾಗೆಲ್ಲ ಅದನ್ನ ಓರೆಗಣ್ಣಲ್ಲಿ ನೋಡ್ತಿದ್ಲು. ಗಂಡ ತೀರಿಕೊಂಡ ಮೇಲೆ ಒಂದಿನ ಕರ್ಚೀಫಲ್ಲಿ ಸುತ್ತಿದ ಬಿಲ್ಲೆ ತಂದು ನನ್ನ ಮುಂದಿಟ್ಟು, ಜರ್ಮನಿದು, ನಿಮಗೆ ಗೊತ್ತಿರಬೇಕಲ್ಲ ಅಂದ್ಲು.

"ನಮ್ಮ ಸ್ವಸ್ತಿಕ ದೇವರದು, ಜರ್ಮನಿಯವರದಲ್ಲ ಅಂತ ಹೇಳೇ ಅವಳಿಗೆ," ಅಂದೆ ಮೊಮ್ಮಗಳಿಗೆ. ಮೇನೂತ್ ಕಾಲೇಜಲ್ಲಿ ಓದೋ ಹುಡುಗಿ, ನನಗೂ ಮುದುಕಿಗೂ ನಡುವೆ ಮಾತು ಸಾಗಿಸೋಳು.

ಮೊಟ್ಟೆ ಆಕಾರದ ಕರೀ ತಗಡು. ನಡುವೆ ಹೆಲ್ಮೆಟ್ಟು, ಹಿಂದೆ ಎರಡು ಕತ್ತಿ, ಸುತ್ತ ಎಲೆ. ಗಾಯ ಆದ ಸಿಪಾಯಿಗೆ ಕೊಡ್ತಿದ್ದದ್ದಂತೆ. ಅವಳ ಮಾವ, ಅಂದ್ರೆ ಗಂಡನ ಅಪ್ಪ, ಮೊದಲನೇ ಯುದ್ಧದಲ್ಲಿ ಗಾಯಾಳು ಜರ್ಮನ್ ಒಬ್ಬನಿಗೆ ನೀರು ಕುಡಿಸಿದ್ದಕ್ಕೆ ಅವನು ಎದೆಯಿಂದ ಕಿತ್ತು ಕೊಟ್ನಂತೆ. ಗಂಡ ಪ್ರತಿ ಕ್ರಿಸ್‌ಮಸ್ ರಾತ್ರಿ, ಮಗಳು ಮಲಗಿದ ಮೇಲೆ, ಇವಳಿಗೆ ಇದೇ ಕಥೆ ಹೇಳೋನಂತೆ. ಭಾನುವಾರ ವಾಟರ್‌ಫರ್ಡಿಂದ ಮಗಳು ಬರ್ತಾಳೆ, ಬಿಲ್ಲೆನೂ ಕಥೆನೂ ಅವಳಿಗೆ ಕೊಡಬೇಕು. ಅಷ್ಟರಲ್ಲಿ ಯಾರೋ, ಇದು ಎರಡನೇ ಯುದ್ಧದ್ದಿರಬಹುದು ಅಂತ ತಲೆಗೆ ಹುಳ ಬಿಟ್ಟಿದ್ರು.

ನನ್ನ ಕೈ ಸುಮ್ನಿರಲ್ಲ. ತುಕ್ಕು ಕಂಡಿದ್ದೇ ಹುಣಸೆಹಣ್ಣು ನೆನೆಸಿದೆ.

"ಅಜ್ಜಿ, ಡೋಂಟ್! ಬಣ್ಣ ಹೋದ್ರೆ ಗುರುತೇ ಹೋಯ್ತು."

ಫೋನಲ್ಲಿ ಚಿತ್ರ ಇಟ್ಟು ನೋಡಿದ್ಲು. ಎರಡನೇ ಯುದ್ಧದ್ದಾದ್ರೆ ಹೆಲ್ಮೆಟ್ ಮೇಲೆ ಅವರ ಸ್ವಸ್ತಿಕ ಇರುತ್ತೆ, ಇದರಲ್ಲಿಲ್ಲ. ಹೆಲ್ಮೆಟ್ ಪಕ್ಕದಲ್ಲಿ ಕೊಂಬಿನಂಥ ಸಣ್ಣ ಉಬ್ಬು ಇದೆ, ಅದು ಹಳೇ ಹೆಲ್ಮೆಟ್ಟಿನ ಗುರುತು. ಮೊದಲನೇ ಯುದ್ಧದ್ದೇ. ಕಪ್ಪು ಅಂದ್ರೆ ಒಂದೋ ಎರಡೋ ಸಲ ಗಾಯ. ಮುದುಕಿ "ಗ್ರ್ಯಾಂಡ್, ಗ್ರ್ಯಾಂಡ್" ಅಂತ, ಒಳ್ಳೇದಾಯ್ತು ಅನ್ನೋ ಹಾಗೆ, ಕಣ್ಣೊರೆಸಿಕೊಂಡ್ಲು.

ಹುಡುಗಿ ಮುಂದೆ ಓದ್ತಾ ಮಂಕಾದ್ಲು. ಯುದ್ಧದ ಕೊನೇ ವರ್ಷದವರೆಗೆ ಇಂಥ ಬಿಲ್ಲೆನೇ ಇರಲಿಲ್ಲವಂತೆ. ಮಾವ ಯುದ್ಧದಿಂದ ಊರಿಗೆ ಬಂದದ್ದು ಯಾವಾಗ ಅಂತ ಮುದುಕಿನ ಕೇಳಿಸಿದೆ. ಆ ಕೊನೇ ವರ್ಷಕ್ಕೂ ಮುಂಚೆನೇ, ಒಂದು ಕಾಲು ಕಳ್ಕೊಂಡು.

"ಅವರಿಗೆ ಹೇಳೋದು ಬೇಡ ಅಜ್ಜಿ."

"ಹೇಳು. ಸುಳ್ಳು ಮಗಳ ಕೈಗೆ ಯಾಕೆ ಹೋಗಬೇಕು?"

ಹೇಳಿದ್ಲು. ಮುದುಕಿ ಕರ್ಚೀಫು ಮಡಚಿ, ಮತ್ತೆ ಬಿಚ್ಚಿ, ಮತ್ತೆ ಮಡಚಿ ಎದ್ದು ಹೋದ್ಲು. ಭಾನುವಾರದವರೆಗೂ ನನಗೆ ಕೂತಲ್ಲಿ ಕೂರಕ್ಕಾಗಲಿಲ್ಲ. ಪಾತ್ರೆ ತೊಳೆಯೋದು, ಕಿಟಕಿಗೆ ಹೋಗೋದು, ಮತ್ತೆ ಅದೇ ಪಾತ್ರೆ ತೊಳೆಯೋದು. ನಿಜಾನೇ ಹೇಳಿದ್ದು, ಆದ್ರೂ.

ಭಾನುವಾರ ಮುದುಕಿನೇ ನಮ್ಮಿಬ್ಬರನ್ನೂ ತನ್ನ ಮನೆಗೆ ಕರೆದ್ಲು. ಮಗಳ ಕೈಗೆ ಬಿಲ್ಲೆ ಕೊಟ್ಟು, ಕಥೆ ಹೇಳಿ, ಕಥೆ ನಿಜ ಅಲ್ಲ ಅನ್ನೋದನ್ನೂ ಹೇಳಿದ್ಲು. ಮಗಳು ಬಿಲ್ಲೆನ ತಿರುಗಿಸಿ ನೋಡಿದ್ಲು.

"ತಾತ ಎಲ್ಲೋ ಕೊಂಡ್ಕೊಂಡಿರಬೇಕು, ಅಷ್ಟೇ," ಅಂದು ನಕ್ಕು ಬ್ಯಾಗಿಗೆ ಹಾಕೊಂಡ್ಲು. ಬಿಸ್ಕತ್ತು ತಿಂದು, ಟ್ರಾಫಿಕ್ ಜಾಸ್ತಿ ಆಗುತ್ತೆ ಅಂತ ಹೊರಟೂಬಿಟ್ಲು.

ಕಾರು ತಿರುಗಿದ ಮೇಲೂ ಮುದುಕಿ ಬಾಗಿಲಲ್ಲೇ ನಿಂತಿದ್ಲು. ಏನೋ ಅಂದ್ಲು. ಏನಂದ್ಲೇ ಅಂದೆ.

"ಅವಳಿಗೆ ನಗೋದು ಸುಲಭ, ಅಷ್ಟು ವರ್ಷ ಆ ಕಥೆ ಕೇಳಿದವಳು ನಾನು, ಅವಳಲ್ಲ ಅಂತಾರೆ, ಅಜ್ಜಿ."