ಪ್ಲಂಬರ್ ಮನೆಯ ಒದ್ದೆ ನೆಲ

ಬೆಳಕಿನ್ನೂ ಸರಿಯಾಗಿ ಹರಿದಿಲ್ಲ. ಮೂರನೇ ಮಹಡಿಯ ಮನೆಯೊಂದರ ಟಾಯ್ಲೆಟ್ಟಿನಲ್ಲಿ ಪ್ಲಂಬರ್ ಅಣ್ಣ ಕಮೋಡಿನ ಬುಡಕ್ಕೆ ಕೆನ್ನೆ ತಾಗುವಷ್ಟು ಬಗ್ಗಿದ್ದಾರೆ. ನೆಲ ಒರೆಸಿ, ಸುತ್ತ ಹಳೆಯ ಪತ್ರಿಕೆ ಹಾಸಿ, ಫ್ಲಶ್ ಒತ್ತಿ ಕಾಯುತ್ತಾರೆ. ಕಾಗದ ಮೊದಲು ಎಲ್ಲಿ ಒದ್ದೆಯಾಗುತ್ತದೋ ಸೋರಿಕೆಯ ಕಳ್ಳ ಅಲ್ಲಿರುತ್ತಾನೆ. ಹಾಸಿರುವುದು, ಇವರ ಬಗ್ಗೆ ಬರೆಯಲು ನನ್ನನ್ನು ಕಳಿಸಿದ ನಮ್ಮದೇ ಪತ್ರಿಕೆಯ ಪುರವಣಿ. ಅದು ಇಷ್ಟು ಉಪಯೋಗಕ್ಕೆ ಬಂದದ್ದನ್ನು ನಾನು ನೋಡುತ್ತಿರುವುದು ಇದೇ ಮೊದಲು.

"ಸುತ್ತ ಒಂಚೂರು ಬಿಳಿ ಸಿಮೆಂಟ್ ಮೆತ್ತಿದ್ರೆ ಸಾಲ್ದಾ?" ಮೂಗು ಮುಚ್ಚಿಕೊಂಡು ಬಾಗಿಲಾಚೆ ನಿಂತ ಮನೆಯೊಡತಿ ಕೇಳುತ್ತಾರೆ.

"ಬಾಯಿಗೆ ಬಟ್ಟೆ ತುರುಕಿದ್ರೆ ಹೊಟ್ಟೆನೋವು ಹೋಗಲ್ಲಮ್ಮ," ಎನ್ನುತ್ತಾ ಅಣ್ಣ ಬೋಲ್ಟು ಬಿಚ್ಚುತ್ತಾರೆ. ಕಮೋಡ್ ಎತ್ತಿ, ಕೆಳಗೆ ಪೈಪಿನ ಬಾಯಲ್ಲಿ ಸವೆದು ಹೋದ ರಬ್ಬರ್ ರಿಂಗ್ ಕಿತ್ತು ಹೊಸದನ್ನು ಕೂರಿಸುತ್ತಾರೆ. ಮತ್ತೆ ಬೋಲ್ಟು ಬಿಗಿಯುವುದು ಆ ಕಡೆ ಒಂಚೂರು, ಈ ಕಡೆ ಒಂಚೂರು. ಅವಸರ ಮಾಡಿದರೆ ಪಿಂಗಾಣಿ ಸೀಳುತ್ತದೆ. ಏಳುವಾಗ ಗೋಡೆ ಹಿಡಿಯಲೇಬೇಕು, ಮಂಡಿಗಳು ಕೈಕೊಟ್ಟು ಎಷ್ಟೋ ಕಾಲವಾಗಿದೆ.

ಹದಿನೇಳನೇ ವಯಸ್ಸಿಗೆ ಸೋದರಮಾವನ ಚೀಲ ಹೊತ್ತವರು, ಈಗ ಐವತ್ತು ದಾಟಿದ್ದಾರೆ. ದಿನಕ್ಕೆ ನಾಲ್ಕೈದು ಮನೆ. "ಕೈ ಕೆಸರಾದ್ರೆ ಬಾಯಿ ಮೊಸರು ಅಂತಾರೆ. ನನ್ನ ಕೈಗೆ ಆಗೋದು ಕೆಸರಲ್ಲ ಸಾರ್, ಹಾಗಾಗಿ ಮೊಸರಿನ ಆಸೆ ಇಟ್ಕೊಂಡಿಲ್ಲ," ಎಂದು ನಗುತ್ತಾರೆ. ನಗು ಬೇಗ ಮುಗಿಯುತ್ತದೆ. "ಕೆಲಸ ಆಗೋವರೆಗೂ ಅಣ್ಣ ಅಣ್ಣ ಅಂತಾರೆ. ಆದ್ಮೇಲೆ ಕೈ ತೊಳ್ಕೊಳ್ಳೋಕೆ ಹೊರಗಿನ ನಲ್ಲಿ ತೋರಿಸ್ತಾರೆ. ಬೇಜಾರಿಲ್ಲ. ಸುಸ್ತು ಅಷ್ಟೆ." ಇಂದೂ ಹೊರಗಿನ ನಲ್ಲಿಯೇ. ನನಗೆ ಮಾತ್ರ ಒಳಗೆ ಕಾಫಿ ಬರುತ್ತದೆ.

ಸಂಜೆ ಅವರ ಜೊತೆ ಅವರ ಮನೆಗೆ ಹೋಗುತ್ತೇನೆ. ಎರಡು ಕೋಣೆ, ಹಿಂದೆ ಟಾಯ್ಲೆಟ್ಟು. ಕಮೋಡಿನ ಬುಡದ ಸುತ್ತ ದಪ್ಪಗೆ ಬಿಳಿ ಸಿಮೆಂಟ್ ಮೆತ್ತಿದೆ. ಅದರ ಬಿರುಕಿನಿಂದ ನೀರು ಜಿನುಗಿ ನೆಲವೆಲ್ಲ ಒದ್ದೆ. ನಾನು ಅವರ ಮುಖ ನೋಡುತ್ತೇನೆ, ಅವರು ಚಪ್ಪಲಿ ನೋಡಿಕೊಳ್ಳುತ್ತಾರೆ.

"ಊರಿಗೆ ಉಪಕಾರಿ, ಮನೆಗೆ ಮಾರಿ," ಎನ್ನುತ್ತಾರೆ ಹೆಂಡತಿ. "ಸುಸ್ತು, ನಾಳೆ ಮಾಡ್ತೀನಿ ಅಂತ ಆವತ್ತು ಸಿಮೆಂಟ್ ಬಳಿದ್ರು. ಆ ನಾಳೆ ಇನ್ನೂ ಬಂದಿಲ್ಲ. ಹೋದ ತಿಂಗಳು ಅತ್ತೆ ಅಲ್ಲೇ ಜಾರಿಬಿದ್ರು. ಈಗ ಮಧ್ಯಾಹ್ನ ಆದ್ಮೇಲೆ ಅವ್ರು ನೀರೇ ಕುಡಿಯಲ್ಲ. ಕುಡಿದ್ರೆ ಹೋಗ್ಬೇಕಲ್ಲ, ಭಯ. ಉರಿಮೂತ್ರ ಅಂತ ಡಾಕ್ಟ್ರ ಹತ್ರ ಹೋದ್ರೆ, ನೀರು ಯಾಕೆ ಕುಡಿಯಲ್ಲ ಅಂತ ಅವ್ರೂ ಬೈದ್ರು."

"ಇದನ್ನ ನಂಗ್ಯಾಕೆ ಹೇಳ್ಲಿಲ್ಲ?" ಅಣ್ಣ ಹೆಂಡತಿಯತ್ತ ತಿರುಗುತ್ತಾರೆ.

"ನಾನೇ ಬೇಡ ಅಂದೆ ಕಣೋ," ಮಂಚದ ಮೇಲಿಂದ ತಾಯಿ ಹೇಳುತ್ತಾರೆ. ಅವರ ತುಟಿ ಒಣಗಿದೆ. "ದಿನವಿಡೀ ಅದನ್ನೇ ಮಾಡಿ ಬಂದಿರ್ತೀಯ. ಮನೇಲೂ ಅದೇನಾ?"

ಅಣ್ಣ ಚೀಲ ಎತ್ತಿಕೊಂಡು ಟಾಯ್ಲೆಟ್ಟಿನೊಳಗೆ ಹೋಗುತ್ತಾರೆ. ಸಿಮೆಂಟ್ ಒಡೆಯುವ ಸದ್ದು ಬಹಳ ಹೊತ್ತು ಕೇಳುತ್ತದೆ. ಆಮೇಲೆ ಮಂಡಿಯೂರಿ ಬೆಳಗಿನ ಕೆಲಸವನ್ನೇ ಮೊದಲಿನಿಂದ ಮಾಡುತ್ತಾರೆ. ನಡುವೆ ಒಮ್ಮೆ ಗೋಡೆಗೆ ಹಣೆ ಆನಿಸಿ ಕೂರುತ್ತಾರೆ. ನನಗೆ ನೋಡಲಾಗುವುದಿಲ್ಲ.

ಕೊನೆಗೆ ಬುಡದ ಸುತ್ತ ಕಾಗದ ಹಾಸಿ, ಫ್ಲಶ್ ಒತ್ತಿ, ತಾಯಿಯ ಕೈ ಹಿಡಿದು ಕರೆತರುತ್ತಾರೆ. ತಾಯಿ ಬರಿಗಾಲಿನಿಂದ ಕಾಗದವನ್ನು ಅಲ್ಲಲ್ಲಿ ಒತ್ತಿ ನೋಡುತ್ತಾರೆ. ಬೆಳಗಿನ ಮನೆಯೊಡತಿಯೂ ಇಷ್ಟು ಪರೀಕ್ಷೆ ಮಾಡಿರಲಿಲ್ಲ. ಕಾಗದ ಗರಿಗರಿಯಾಗಿಯೇ ಇದೆ.

ಏನಾದರೂ ಆಸೆ ಇದೆಯೇ ಎಂದು ಅಣ್ಣನನ್ನು ಕೇಳುತ್ತೇನೆ. ಅವರ ಕಣ್ಣು ತಾಯಿಯ ಮೇಲಿದೆ, ನನ್ನ ಮಾತು ಕಿವಿಗೆ ಬಿದ್ದಿಲ್ಲ.

ತಾಯಿ ಮಂಚಕ್ಕೆ ಮರಳಿ, ಸೆರಗು ಸರಿಪಡಿಸಿಕೊಂಡು ಸೊಸೆಯನ್ನು ಕರೆಯುತ್ತಾರೆ.

"ಒಂದು ಲೋಟ ನೀರು ಕೊಡಮ್ಮ. ತುಂಬ್ಸಿ ಕೊಡು."