ಖಾರದ ಪುಡಿಗೆ ಹೋದ ಕಲ್ಲುಹೂವು

ಮಸಾಲೆ ಪೊಟ್ಟಣ ಬಿಚ್ಚಿದಾಗ ಕಲ್ಲುಹೂವಿನ ವಾಸನೆ ಮೂಗಿಗೆ ಬಂದರೆ ಎಲ್ಲರಿಗೂ ಅಡುಗೆ ನೆನಪಾಗುತ್ತದೆ, ನನಗೆ ಪರೀಕ್ಷೆ. ಹಳೇ ತೊಗಟೆ, ಒದ್ದೆ ಮಣ್ಣು, ಒಂದಿಷ್ಟು ಹೊಗೆ ಸೇರಿದಂಥ ವಾಸನೆ ಅದು. ನೊಣವಿನಕೆರೆ ಪಕ್ಕದ ನಮ್ಮ ತೋಟದ ಮನೆಯಲ್ಲಿ ಒಲೆಗೆ ಸದಾ ತೆಂಗಿನ ಚಿಪ್ಪಿನ ಉರಿ, ಅಟ್ಟದ ತುಂಬ ಕೊಬ್ಬರಿ, ಕೆಳಗೆ ಮನೆ ತುಂಬ ಜನ. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಆ ಮನೆಯಿಂದ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದವಳು ನಮ್ಮಪ್ಪನ ಕಿರಿ ತಂಗಿ ಗಿರಿಜತ್ತೆ. ಬಸ್ಸಿನಲ್ಲಿ ತಿಪಟೂರಿಗೆ ಹೋಗಿ ಬಿ.ಎಸ್ಸಿ. ಓದುತ್ತಿದ್ದಳು. ಹಿಂದಿನ ಸಲ ಸಸ್ಯಶಾಸ್ತ್ರದ ಪ್ರಾಕ್ಟಿಕಲ್‌ನಲ್ಲಿ ಡುಮ್ಕಿ ಹೊಡೆದಿದ್ದಳು. "ಇದೊಂದ್ಸಲ ನೋಡು. ಆಗ್ಲಿಲ್ಲ ಅಂದ್ರೆ ಓದು ಬುಡು," ಎಂದು ತಾತ ಕಡ್ಡಿ ಮುರಿದಂತೆ ಹೇಳಿದ್ದರು.

ಹಾಗಾಗಿ ಅತ್ತೆ ಬೇರು, ಕಾಂಡ, ಎಲೆ ಯಾವುದೂ ಇಲ್ಲದ ಸಸ್ಯಗಳ ಬೆನ್ನು ಹತ್ತಿದಳು. ಅವನ್ನು ಕೂಡಿಸಿ ಪರೀಕ್ಷೆಯ ದಿನ ಒಪ್ಪಿಸಬೇಕಿತ್ತು. ನಾನು ಅವಳ ಬಾಲ. ಕೆರೆಯ ಅಂಚಿನಿಂದ ಪಾಚಿ ತಂದೆವು, ಬೆರಳಲ್ಲಿ ಎತ್ತಿದರೆ ಹಸಿರು ನೂಲು. ಬಾವಿಯ ಒಳಗೋಡೆಯಲ್ಲಿ ಕಲ್ಲನ್ನು ಅಪ್ಪಿ ಹಾಸಿಕೊಂಡಿದ್ದ ಲಿವರ್‌ವರ್ಟನ್ನು ಅತ್ತೆ ಚಾಕುವಿನಿಂದ ಮೆಲ್ಲಗೆ ಎಬ್ಬಿಸಿದಳು. ತುದಿಯಲ್ಲಿ ಎರಡೆರಡು ಕವಲಾದ ಆ ಹಸಿರು ಪಟ್ಟಿ ಮುಟ್ಟಿದರೆ ಕಪ್ಪೆಯಷ್ಟು ತಣ್ಣಗಿತ್ತು. ತೋಟದಾಚೆಯ ಮುದಿ ಮಾವಿನ ಮರದಿಂದ ಬೂದು ಬಣ್ಣದ ಲೈಕೆನ್ ಕಿತ್ತು ಪೇಪರಿನ ಮಡಿಕೆಯಲ್ಲಿಟ್ಟಳು. "ಇವುಕ್ಕೆ ಬೇರು ಬೇರೆ, ಎಲೆ ಬೇರೆ ಅಂತಿಲ್ಲ ಕಣೇ. ಮೈಯೆಲ್ಲ ಒಂದೇ. ಥ್ಯಾಲಸ್ ಅಂತಾರೆ. ಲೈಕೆನ್ನಲ್ಲಂತೂ ಇಬ್ರು ಅವ್ರೆ. ಒಳಗಿರೋ ಪಾಚಿ ಬಿಸಿಲಲ್ಲಿ ಅಡುಗೆ ಮಾಡ್ತದೆ. ಅದರ ಸುತ್ತ ಬೂಷ್ಟು ಮನೆ ಕಟ್ಕೊಂಡು ನೀರು ಹಿಡಿದು ಕೊಡ್ತದೆ," ಎಂದು ನನಗೆ ಪಾಠ ಹೇಳುತ್ತಿದ್ದಳು. ಒಳಗೆ ರಾಗಿ ಕೇರುತ್ತಿದ್ದ ಅಜ್ಜಿ ಮೊರ ನಿಲ್ಲಿಸಿ, "ಅಡುಗೆ ಮಾಡೋಳು ಒಳಗೆ, ಯಜಮಾನ ಹೊರಗೆ. ನಮ್ಮನೆ ಥರನೇ ಅನ್ನು," ಎಂದರು. ಜಗಲಿಯಲ್ಲಿದ್ದ ತಾತನಿಗೆ ಕೇಳಿಸಲಿಲ್ಲವೋ, ಕೇಳಿಸದ ಹಾಗೆ ಕೂತರೋ ಗೊತ್ತಿಲ್ಲ.

ಪರೀಕ್ಷೆಯ ಹಿಂದಿನ ದಿನ ಅಜ್ಜಿ ವರ್ಷದ ಖಾರದ ಪುಡಿಗೆ ಕೂತಿದ್ದರು. ಧನಿಯ, ಮೆಣಸಿನಕಾಯಿ ಹುರಿದ ಘಾಟಿಗೆ ಮನೆಯವರೆಲ್ಲ ಸೀನಿದ್ದೇ ಸೀನಿದ್ದು. ಸಂಜೆ ಕಾಲೇಜಿನಿಂದ ಬಂದ ಅತ್ತೆ ನೋಡಿದರೆ ಪೇಪರಿನ ಮಡಿಕೆ ಖಾಲಿ. "ಅವ್ವ, ಇದ್ರಲ್ಲಿದ್ದಿದ್ದು ಏನಾಯ್ತು?"

"ಕಲ್ಲುಹೂವಲ್ವೇನೇ? ಹುರಿದು ಪುಡಿಗೆ ಹಾಕ್ದೆ. ಘಮ ಚೆನ್ನಾಗಿತ್ತು, ಯಾವ ಅಂಗ್ಡೀದು?"

ಅತ್ತೆ ಹೊಸಿಲ ಮೇಲೆ ಕುಸಿದು ಅತ್ತಳು. ಹೊತ್ತು ಮುಳುಗಿತ್ತು, ಮರ ಹತ್ತುವ ಮಾತಿರಲಿಲ್ಲ. ವಿಷಯ ಗೊತ್ತಾಗಿ ಅಜ್ಜಿಯ ಮುಖ ಸಣ್ಣಗಾಯಿತು. ಒಳಗೆ ಹೋಗಿ, ಸಂತೆಯಿಂದ ತಂದಿದ್ದ ಕಲ್ಲುಹೂವಿನ ಡಬ್ಬವನ್ನೇ ಮೊರಕ್ಕೆ ಸುರಿದುಕೊಂಡು ಬಂದರು. "ನಿನ್ನ ಲೈಕೆನ್ನೂ ನನ್ನ ಕಲ್ಲುಹೂವೂ ಒಂದೇ ಅಂದ್ರೆ, ಅಳಿಯ ಅಲ್ಲ ಮಗಳ ಗಂಡ ಅಂದಂಗಾಯ್ತು. ಅಳ್ಬೇಡ, ಹುಡುಕಣ." ದೀಪದ ಮುಂದೆ ಚೂರುಪಾರೆಲ್ಲ ಕೆದಕಿ ಅಂಚು ಮುರಿಯದ ಒಂದನ್ನು ಆರಿಸಿ ನೀರಿಗೆ ಹಾಕಿದರು. ಒಣಗಿ ಮುದುಡಿದ್ದದ್ದು ನೋಡುನೋಡುತ್ತ ಮೆತ್ತಗಾಗಿ, ಅಂಗೈಯಗಲ ಬಿಚ್ಚಿಕೊಂಡು, ಮೇಲುಮೈಯಲ್ಲಿ ಹಸಿರು ತೋರಿಸಿತು. ಮಗುಚಿದರೆ ತಳವೆಲ್ಲ ಕಪ್ಪು, ಅದರ ತುಂಬ ಮರವನ್ನು ಹಿಡಿದುಕೊಳ್ಳುವ ಸಣ್ಣ ರೋಮಗಳು. ಅತ್ತೆ ಕಣ್ಣೊರೆಸಿಕೊಂಡು ಭೂತಗನ್ನಡಿ ಹಿಡಿದಳು. "ನಾನು ತಂದಿದ್ದಕ್ಕಿಂತ ಇದೇ ಚೆನ್ನಾಗೈತೆ ಕಣವ್ವ."

ಮಾರನೆಯ ದಿನ ನಡೆದದ್ದನ್ನು ಅತ್ತೆ ಸಂಜೆ ಬಂದು ಅಭಿನಯಿಸಿಯೇ ತೋರಿಸಿದಳು. ಪರೀಕ್ಷಕರು ಅದನ್ನು ಅಂಟಿಸಿದ್ದ ಹಾಳೆಯನ್ನು ಮೂಗಿನ ಹತ್ತಿರ ತಂದರಂತೆ. "ಮಸಾಲೆ ವಾಸ್ನೆ ಬರ್ತಿದೆಯಲ್ಲಮ್ಮ, ಎಲ್ಲಿ ಸಿಕ್ತು?" "ಅಡುಗೆಮನೇಲಿ ಸರ್." "ಕಲೆಕ್ಟ್ ಮಾಡಿದ್ದು ಯಾರು?" "ನಮ್ಮವ್ವ ಸರ್, ಪುಟ್ಟಗೌರಮ್ಮ." ಅವರು ನಕ್ಕು, ಆಮೇಲೆ ಪದರ ಪದರವಾಗಿ ಅದರ ಒಳಮೈಯ ಬಗ್ಗೆ ಕೇಳಿದರು. ಅಡುಗೆ ಮಾಡುವವಳಿಂದ ಹಿಡಿದು ಮನೆ ಕಟ್ಟುವವನವರೆಗೆ ಅತ್ತೆ ಎಲ್ಲವನ್ನೂ ಒಪ್ಪಿಸಿದಳು.

ಮನೆಯವರೆಲ್ಲ ನಗುತ್ತಿದ್ದರು, ಅಜ್ಜಿ ಮಾತ್ರ ನಗಲಿಲ್ಲ. "ನನ್ನ ಹೆಸರು ಹೇಳ್ದೇನೇ?" ಎಂದರು. ನನಗೂ ಅವರಿಗೊಂದು ಹೆಸರಿದೆ ಎಂದು ಗೊತ್ತಾದದ್ದು ಅವತ್ತೇ. ಮಕ್ಕಳಿಗೆ ಅವ್ವ, ನಮಗೆ ಅಜ್ಜಿ, ತಾತನಿಗೆ 'ಲೇ ಇವ್ಳೇ'. ನಿಮ್ಮ ಮನೆಯಲ್ಲೂ ಇಂಥವರೊಬ್ಬರು ಇದ್ದಿರುತ್ತಾರೆ. ಸ್ವಲ್ಪ ಹೊತ್ತು ಬಿಟ್ಟು ಅಜ್ಜಿ ಮತ್ತೆ ಕೇಳಿದರು. "ಹೆಸರು ಕೇಳಿ ಅವ್ರೇನಂದ್ರು?"

ಅತ್ತೆ ಪಾಸಾದಳು, ಮುಂದೆ ಓದಿ ಲೆಕ್ಚರರ್ ಆದಳು. ಈಗ ಅಜ್ಜಿ ಇಲ್ಲ, ತಾತ ಇಲ್ಲ, ಮನೆ ಪಾಲಾಗಿದೆ. ಬೋರ್‌ವೆಲ್‌ಗಳು ಬಂದ ಮೇಲೆ ಬಾವಿ ಬತ್ತಿ, ಒಳಗೋಡೆಯ ಹಸಿರೆಲ್ಲ ಉದುರಿದೆ. ಒಮ್ಮೆ ಅತ್ತೆಯ ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಲೈಕೆನ್ ತೋರಿಸಿ ಅದರ ಜಾತಿ ಹೇಳಿದಳು, ಸಿಕ್ಕ ಜಾಗ ಹೇಳಿದಳು, ಕೊನೆಗೆ ಸಂಗ್ರಹಿಸಿದವರು ಪುಟ್ಟಗೌರಮ್ಮ ಎಂದಳು. ಮಕ್ಕಳೆಲ್ಲ ತಲೆ ಬಗ್ಗಿಸಿ ಆ ಹೆಸರನ್ನು ಬರೆದುಕೊಂಡರು.